ಕಿತ್ತಳೆ ಮುಚ್ಚಳದ ಸಿರಿಂಜು

ಅವ್ವ ಕದ್ದು ತಿನ್ನುತ್ತಾಳೆ ಎಂದು ನಾನು ನಂಬಿದ್ದೆ. ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಬೇರೆ ಮಾತು. ಡಾಕ್ಟರ ಮುಂದೆ ಹೇಳಿದೆ, ಯಳಂದೂರಿಗೆ ಕೊಟ್ಟಿರುವ ಅಕ್ಕನಿಗೆ ಫೋನ್ ಮಾಡಿ ಹೇಳಿದೆ, ಮನೆಗೆ ಬಂದ ನೆಂಟರ ಎದುರಿಗೂ ಹೇಳಿದೆ. ಅವಳ ಶುಗರ್ ಏರಲು ಕಾರಣ ನಾನೇ ಎಂದು ಗೊತ್ತಾಗುವ ಹೊತ್ತಿಗೆ ಒಂದು ಬೇಸಿಗೆಯೂ ಒಂದು ಮಳೆಗಾಲವೂ ಕಳೆದಿದ್ದವು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಅವರಿಗಿಂತ ಹೆಚ್ಚಾಗಿ ಅವರಿಗೆ ಸೂಜಿ ಚುಚ್ಚುವ ಮಕ್ಕಳು ಸೊಸೆಯಂದಿರಿಗೆ, ನಡೆದದ್ದನ್ನು ನಡೆದ ಹಾಗೆ ಹೇಳಬೇಕು ಅನ್ನಿಸಿದೆ.

ಅವ್ವ ಪ್ರಾಯದಲ್ಲಿ ಕೊಳ್ಳೇಗಾಲದಲ್ಲೇ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವಳು. ಬಿಸಿನೀರಿನಲ್ಲಿ ಗೂಡು ಅದ್ದಿ, ಎಳೆಯ ತುದಿ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಗಟ್ಟಿಯಾಗಿಬಿಟ್ಟಿವೆ. ಶುಗರ್ ನೋಡಲು ಚುಚ್ಚಿದರೆ ಒಂದೇ ಸಲಕ್ಕೆ ರಕ್ತ ಬರುವುದಿಲ್ಲ. ಕಣ್ಣೂ ಮಂಜು. ಸಿರಿಂಜಿನ ಗೆರೆ ಅವಳಿಗೆ ಕಾಣುವುದಿಲ್ಲವಾದ್ದರಿಂದ ಇನ್ಸುಲಿನ್ ಎಳೆದು ಚುಚ್ಚುವುದು ಮೊದಲಿನಿಂದಲೂ ನನ್ನ ಕೆಲಸ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ಒಮ್ಮೆ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಇನ್ನೊಮ್ಮೆ. ಬೆಳಗಿನದು ಮುಗಿಸಿ ನಾನು ಹನೂರಿನ ಬಸ್ಸು ಹಿಡಿಯುತ್ತೇನೆ. ಅಲ್ಲಿಂದಾಚೆಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು.

ಮಾತ್ರೆಯಲ್ಲಿ ಇನ್ನು ಆಗುವುದಿಲ್ಲ, ಇನ್ಸುಲಿನ್ ಬೇಕು ಎಂದು ಡಾಕ್ಟರು ಹೇಳಿದ ದಿನ ಹೆದರಿದ್ದು ನಾನು, ಅವ್ವ ಹೆದರಲಿಲ್ಲ. ಸೂಜಿ ಶುರುವಾದರೆ ಕಥೆ ಮುಗಿಯಿತು ಎಂಬ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. ಎಷ್ಟೋ ಜನ ಆ ಮಾತಿಗೆ ಹೆದರಿ ವರ್ಷಗಟ್ಟಲೆ ಮುಂದೂಡುತ್ತಾರೆ. ಕೆನಡಾದ ಟೊರಾಂಟೊದಲ್ಲಿ 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಅಲ್ಲಿಯವರೆಗೆ ಚಿಕ್ಕ ವಯಸ್ಸಿನಲ್ಲಿ ಈ ಕಾಯಿಲೆ ಬಂದವರು ಬದುಕುತ್ತಿರಲಿಲ್ಲ. ಬದುಕಿಸಲೆಂದು ಬಂದ ಔಷಧಿಗೆ ಸಾವಿನ ಹೆಸರು ಅಂಟಿಸಿದ್ದೇವೆ. ಅವ್ವನಿಗಿರುವುದು ಎರಡನೇ ಬಗೆಯ ಮಧುಮೇಹ. ಅದರಲ್ಲಿ ವರ್ಷ ಕಳೆದಂತೆ ಮೇದೋಜ್ಜೀರಕ ಗ್ರಂಥಿ ಸೋಲುತ್ತಾ ಬರುತ್ತದೆ, ಸೋತದ್ದಕ್ಕೆ ಹೊರಗಿನಿಂದ ಆಸರೆ ಕೊಡಬೇಕಾಗುತ್ತದೆ. ಅವಳು ಇಷ್ಟೆಲ್ಲ ಕೇಳಲಿಲ್ಲ. “ಡಾಕ್ಟ್ರು ಏಳುದ್ ಮ್ಯಾಲೆ ಇನ್ನೇನ್ ಮಗ, ಕೊಡು” ಅಂದಳು. ಬೆಳಿಗ್ಗೆ 20 ಯೂನಿಟ್, ರಾತ್ರಿ 12. ಕೆಲವೇ ವಾರಗಳಲ್ಲಿ ಖಾಲಿ ಹೊಟ್ಟೆಯ ಶುಗರ್ 130ರ ಆಸುಪಾಸಿಗೆ ಇಳಿಯಿತು. ರಾತ್ರಿ ಪದೇಪದೇ ಏಳುವುದು ನಿಂತಿತು. ಮುಖಕ್ಕೆ ಕಳೆ ಬಂತು.

ಆಗ ಬಳಸುತ್ತಿದ್ದ ಸಿರಿಂಜಿಗೆ ಕೆಂಪು ಮುಚ್ಚಳ. ಒಂದು ಸಂಜೆ ಅದು ಸಿಗದೆ ಬೇರೆ ಅಂಗಡಿಯಲ್ಲಿ ಕಿತ್ತಳೆ ಬಣ್ಣದ ಮುಚ್ಚಳದ್ದನ್ನು ತಂದೆ. ಅದರ ಸೂಜಿ ಇನ್ನೂ ತೆಳು, ಇನ್ನೂ ಗಿಡ್ಡ. “ಇದು ಚುಚ್ಚುದ್ದೇ ಗೊತ್ತಾಗಲ್ಲ ಕನಪ್ಪ” ಎಂದಳು ಅವ್ವ. ಅವಳಿಗೆ ನೋವಾಗದಿರಲಿ ಎಂದು ಆಮೇಲೆ ಅದನ್ನೇ ಕೇಳಿ ಕೇಳಿ ತಂದೆ. 20ರ ಗೆರೆಯವರೆಗೆ ಎಳೆಯುವುದು, ಚುಚ್ಚುವುದು. ಸೀಸೆಯ ಮೇಲೆ 40 ಎಂದು ಅಚ್ಚಾಗಿತ್ತು, ಸಿರಿಂಜಿನ ಮೇಲೆ 100 ಎಂದು ಅಚ್ಚಾಗಿತ್ತು. ದಿನಕ್ಕೆರಡು ಸಲ ಅವೆರಡೂ ನನ್ನ ಬೆರಳುಗಳ ನಡುವೆಯೇ ಇದ್ದವು.

ಶುಗರ್ ಏರತೊಡಗಿತು. ಖಾಲಿ ಹೊಟ್ಟೆಗೆ 180, ಆಮೇಲೆ 220, ಆಮೇಲೆ 260. ಅವ್ವ ಚೊಂಬುಗಟ್ಟಲೆ ನೀರು ಕುಡಿಯತೊಡಗಿದಳು, ರಾತ್ರಿಯಿಡೀ ಬಚ್ಚಲಿಗೆ ಓಡಾಡತೊಡಗಿದಳು. ಕುಪ್ಪಸ ಸಡಿಲವಾಯಿತು. ಪಾದ ಉರಿಯುತ್ತದೆ ಎಂದು ತಣ್ಣನೆಯ ನೆಲಕ್ಕೆ ಅಂಗಾಲು ಒತ್ತಿಕೊಂಡು ಕೂರುತ್ತಿದ್ದಳು. ಇನ್ಸುಲಿನ್ ಸಾಲದೆ ಹೋದರೆ ದೇಹ ತೋರಿಸುವ ಗುರುತುಗಳು ಇವೇ. ನಾನು ಓದಿಕೊಂಡಿದ್ದೆ ಕೂಡ. ಆದರೂ ನನ್ನ ತಲೆಯಲ್ಲಿದ್ದದ್ದು ಒಂದೇ ಲೆಕ್ಕ: ಸೂಜಿ ನಾನು ತಪ್ಪದೆ ಕೊಡುತ್ತಿದ್ದೇನೆ, ಹಾಗಾದರೆ ಇವಳು ಏನನ್ನೋ ತಿನ್ನುತ್ತಿದ್ದಾಳೆ.

ಮೊದಲು ಮನೆಯಿಂದ ಸಕ್ಕರೆ ಹೊರಗೆ ಹೋಯಿತು, ಬೆಲ್ಲ ಹೋಯಿತು. ಹೆಂಡತಿಯ ಕಾಫಿಯೂ ಸಪ್ಪೆ. ಆಮೇಲೆ ಅವ್ವನ ಮುದ್ದೆಗೆ ಕೈ ಹಾಕಿದೆ. ರಾಗಿ ಎಷ್ಟು ತಿಂದರೂ ಶುಗರ್ ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ, ಅದು ತಪ್ಪು. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯೂ ಶುಗರ್ ಏರಿಸುತ್ತದೆ, ಅಳತೆ ಬೇಕೇ ಬೇಕು. ಆದರೆ ನಾನು ಅಳತೆ ಮಾಡಲಿಲ್ಲ, ಶಿಕ್ಷೆ ಕೊಟ್ಟೆ. ಉಪ್ಪುಸಾರಿನ ಬಟ್ಟಲ ಮುಂದೆ ನಿಂಬೆಹಣ್ಣಿನಷ್ಟು ಮುದ್ದೆ ಇಟ್ಟುಕೊಂಡು ಅವಳು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು.

ಅವಳ ಟ್ರಂಕಿನಲ್ಲಿ ಒಂದು ದಿನ ಮಾದಪ್ಪನ ಬೆಟ್ಟದ ಲಾಡು ಪ್ರಸಾದ ಸಿಕ್ಕಿತು, ಕಾಗದದಲ್ಲಿ ಸುತ್ತಿ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳು. ಪಕ್ಕದ ಮನೆಯವರು ಬೆಟ್ಟಕ್ಕೆ ಹೋಗಿ ಬಂದು ಕೊಟ್ಟದ್ದು. ಅಕ್ಕನ ಮಗಳು ಯಳಂದೂರಿನಿಂದ ಬಂದರೆ ಕೊಡೋಣ ಎಂದು ಎತ್ತಿಟ್ಟಿದ್ದಳು, ಹಾಗೆಂದು ಹೇಳಿದಳು ಕೂಡ. ಲಾಡು ಮುರಿದೇ ಇರಲಿಲ್ಲ, ಇಡಿಯಾಗಿತ್ತು. ಅದನ್ನೂ ನಾನು ನೋಡಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. “ನಿನ್ ಕೈಲಿ ಸುಳ್ಳೇಳಿ ನಾ ಎಲ್ಲಿಗೋಗ್ಲಪ್ಪ” ಎಂದಷ್ಟೇ ಅಂದು ಅವಳು ಗೋಡೆಯ ಕಡೆ ತಿರುಗಿಕೊಂಡಳು. ರಾತ್ರಿ ಅಕ್ಕ ಫೋನಿನಲ್ಲಿ, “ಅವ್ವ ತಿಂತಿಲ್ಲ ಕನೋ, ಬೇರೆ ಏನಾರ ಇದ್ದದು ನೋಡು” ಎಂದಳು. ದೂರದಲ್ಲಿದ್ದುಕೊಂಡು ಮಾತಾಡುವುದು ಸುಲಭ ಎಂದು ಅವಳ ಬಾಯನ್ನೂ ಮುಚ್ಚಿಸಿದೆ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು ಪ್ರಶ್ನೆ ಕೇಳಿದ್ದು ಅವ್ವನನ್ನು. ಉತ್ತರ ಕೊಟ್ಟವನು ನಾನು. “ಪಥ್ಯ ಮಾಡಲ್ಲ ಸರ್, ಕದ್ದು ತಿಂತಾರೆ.” ಈ ಒಂದು ಮಾತು ಎಷ್ಟು ಬಾಗಿಲು ಮುಚ್ಚಿತು ಎಂದು ಈಗ ಗೊತ್ತಾಗುತ್ತಿದೆ. ಕಾರಣ ಸಿಕ್ಕಿತಲ್ಲ, ಇನ್ನು ಬೇರೆ ಯಾಕೆ ಹುಡುಕಬೇಕು? ಸಿರಿಂಜು ಬದಲಾಗಿದೆ ಎಂದು ಹೇಳಬೇಕು ಅಂತ ನನಗೆ ಹೊಳೆಯಲೂ ಇಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 11 ದಾಟಿತ್ತು. 6.5 ಮುಟ್ಟಿದರೇ ಮಧುಮೇಹ ಎಂದು ಲೆಕ್ಕ. ಡಾಕ್ಟರು ಡೋಸ್ ಏರಿಸುತ್ತಾ ಹೋದರು. ಬೆಳಿಗ್ಗೆ 32, ರಾತ್ರಿ 24ಕ್ಕೆ ಬಂದು ನಿಂತಿತು.

ಒಂದು ರಾತ್ರಿ ಕಿತ್ತಳೆ ಮುಚ್ಚಳದವು ಮುಗಿದಿದ್ದವು. ಬೀರುವಿನ ಮೂಲೆಯಲ್ಲಿ ಹಳೆಯ ಕೆಂಪು ಮುಚ್ಚಳದ್ದು ಒಂದು ಉಳಿದಿತ್ತು. ಅದರಲ್ಲೇ 24ರ ಗೆರೆಯವರೆಗೆ ಎಳೆದು ಚುಚ್ಚಿದೆ. ಅವ್ವ ಎಂದಿನ ಪುಟ್ಟ ಮುದ್ದೆ ತಿಂದು ಮಲಗಿದಳು.

ನಡುರಾತ್ರಿ ಕಳೆದ ಮೇಲೆ ಹೆಂಡತಿ ನನ್ನನ್ನು ಎಬ್ಬಿಸಿದಳು. ಅವ್ವನ ಸೀರೆ, ಹಾಸಿಗೆ ಎಲ್ಲ ಬೆವರಿನಲ್ಲಿ ತೊಯ್ದಿದ್ದವು. ಕೈ ನಡುಗುತ್ತಿತ್ತು. ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದಳು, ಗೂಡು ಆರಿಸಿದ್ದಾಯ್ತಾ ಎಂದು ಕೇಳುತ್ತಿದ್ದಳು. ಶುಗರ್ ತೀರಾ ಏರಿ ಹೀಗಾಗಿದೆ ಎಂದುಕೊಂಡೆ. ಹೆಂಡತಿ ಬೆರಳು ಚುಚ್ಚಿ ನೋಡಿದರೆ ಮಷೀನು 38 ತೋರಿಸಿತು. ಮಷೀನು ಕೆಟ್ಟಿದೆ ಎಂದೆ! ಅಷ್ಟರಲ್ಲಿ ಸದ್ದು ಕೇಳಿ ಪಕ್ಕದ ಮನೆಯ ಅಕ್ಕ ಬಂದರು. ಅವರ ಯಜಮಾನರೂ ಇನ್ಸುಲಿನ್ ಮೇಲೇ ಇದ್ದವರು. ಅವ್ವನ ಹಣೆ ಮುಟ್ಟಿ ನೋಡಿ, “ಶುಗರ್ ಲೋ ಆಗದೆ, ಬಿರ್ನೆ ಸಕ್ಕರೆ ತತ್ತಾ” ಎಂದರು. ನಮ್ಮ ಮನೆಯಲ್ಲಿ ಒಂದು ಚಮಚ ಸಕ್ಕರೆ ಇರಲಿಲ್ಲ. ಬಿಡದೆ ಹುಡುಕಿ ಹೊರಗೆ ಹಾಕಿದವನು ನಾನೇ ತಾನೇ. ಅವರೇ ಓಡಿಹೋಗಿ ತಂದು, ನೀರಿಗೆ ಕಲಸಿ, ಅವ್ವನನ್ನು ಎದೆಗೆ ಒರಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದರು.

ಇದನ್ನು ಎಲ್ಲರೂ ತಿಳಿದಿರಬೇಕು. ಶುಗರ್ 70ಕ್ಕಿಂತ ಇಳಿದರೆ ಕಡಿಮೆ, 54ಕ್ಕಿಂತ ಇಳಿದರೆ ಅಪಾಯ. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ತಡೆಯಲಾಗದ ಹಸಿವು, ಮಾತು ದಿಕ್ಕು ತಪ್ಪುವುದು ಇದರ ಗುರುತು. ನುಂಗುವಷ್ಟು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರಿಗೆ ಅಡ್ಡವಾಗುತ್ತದೆ. ಮಗ್ಗುಲಿಗೆ ಮಲಗಿಸಿ ಆಸ್ಪತ್ರೆಗೆ ಓಡಬೇಕು. ಏರಿದ ಶುಗರ್ ದಿನಗಟ್ಟಲೆ, ವರ್ಷಗಟ್ಟಲೆ ಕೊರೆಯುತ್ತದೆ, ಇಳಿದ ಶುಗರ್ ಬೇಗನೆ ಜೀವ ತೆಗೆಯಬಲ್ಲದು. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಸಕ್ಕರೆ ಇರಲೇಬೇಕು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ ಮೇಲೆ ಬೆಳಗಿನ ಜಾವಕ್ಕೆ ಅವ್ವ ನಮ್ಮ ಗುರುತು ಹಿಡಿದಳು. ಡ್ಯೂಟಿಯಲ್ಲಿದ್ದ ಸಿಸ್ಟರ್ ಬೈಯಲಿಲ್ಲ. ಮನೆಯಲ್ಲಿರುವ ಇನ್ಸುಲಿನ್ ಸೀಸೆ, ಸಿರಿಂಜು, ಹಳೆಯ ಖಾಲಿ ಸಿರಿಂಜು ಎಲ್ಲವನ್ನೂ ತನ್ನಿ ಎಂದರು. ತಂದು ಮೇಜಿನ ಮೇಲಿಟ್ಟೆ. ಕೆಂಪು ಮುಚ್ಚಳದ್ದನ್ನೂ ಕಿತ್ತಳೆ ಮುಚ್ಚಳದ್ದನ್ನೂ ಪಕ್ಕಪಕ್ಕ ಇಟ್ಟು, “ಮೇಷ್ಟ್ರೇ, ಎರಡರಲ್ಲೂ ಒಂದೇ ಎಂಎಲ್. ಇದರಲ್ಲಿ 40 ಭಾಗ, ಇದರಲ್ಲಿ 100 ಭಾಗ” ಎಂದರು. ಅಷ್ಟೇ ಸಾಕಾಯಿತು.

ನಮ್ಮ ದೇಶದಲ್ಲಿ ಸೀಸೆಯಲ್ಲಿ ಬರುವ ಸಾಮಾನ್ಯ ಇನ್ಸುಲಿನ್‌ನಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಸರಿಹೊಂದುವುದು ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನಲ್ಲಿ ಬರುವುದು ಬಹುಪಾಲು, ಕೆಲವು ದುಬಾರಿ ಸೀಸೆಗಳದ್ದು 100 ಯೂನಿಟ್. ಆ 100ರ ಸೀಸೆಗೆ ಕಿತ್ತಳೆ ಮುಚ್ಚಳದ್ದು. ನಾನು ಕಿತ್ತಳೆ ಮುಚ್ಚಳದ್ದರಲ್ಲಿ 20ರ ಗೆರೆಗೆ ಎಳೆದರೆ ಬರುತ್ತಿದ್ದದ್ದು 0.2 ಎಂಎಲ್, ಅಂದರೆ 8 ಯೂನಿಟ್. ಅವ್ವನಿಗೆ ಬೇಕಾದದ್ದರಲ್ಲಿ ಅರ್ಧವೂ ಅಲ್ಲ. ರಾತ್ರಿಯ 24 ಎಂದುಕೊಂಡದ್ದು ನಿಜದಲ್ಲಿ 9.6. ಆ ಒಂದು ರಾತ್ರಿ ಕೆಂಪು ಮುಚ್ಚಳದ್ದರಲ್ಲಿ ಎಳೆದಾಗ ಅದು ನಿಜವಾಗಿಯೂ 24 ಆಯಿತು. ಒಮ್ಮೆಲೇ ಎರಡೂವರೆ ಪಟ್ಟು. ಭಿನ್ನರಾಶಿ ಕಲಿಸಿ ಸಂಬಳ ತೆಗೆದುಕೊಳ್ಳುವವನ ಮನೆಯಲ್ಲಿ ನಡೆದದ್ದು ಇದು.

ಇಂಥ ತಪ್ಪು ಆಗದಿರಲೆಂದೇ ಅಮೆರಿಕ 1970ರ ದಶಕದಲ್ಲಿ, ಬ್ರಿಟನ್ 1983ರಲ್ಲಿ 100ರ ಒಂದೇ ಅಳತೆಯ ಕಡೆಗೆ ಹೊರಳಿದವು. ನಮ್ಮಲ್ಲಿ ಎರಡೂ ಅಳತೆ ಅಕ್ಕಪಕ್ಕದಲ್ಲೇ ಮಾರಾಟವಾಗುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಅವರಲ್ಲಿ ಎಷ್ಟೋ ಮಂದಿಯ ಔಷಧಿ ಒಂದು ಮುಚ್ಚಳದ ಬಣ್ಣದ ಮೇಲೆ ನಿಂತಿರುವುದು ಸರಿಯಲ್ಲ. ಒಂದೇ ಅಳತೆ ಬರಬೇಕು. ಬರುವವರೆಗೆ ಸೀಸೆಯ ಸಂಖ್ಯೆಯೂ ಸಿರಿಂಜಿನ ಸಂಖ್ಯೆಯೂ ಒಂದೇ ಇದೆಯೇ ಎಂದು ಕೊಡುವವರೂ ನೋಡಬೇಕು, ಕೊಳ್ಳುವವರೂ ನೋಡಬೇಕು.

ಸಿಸ್ಟರ್ ಇನ್ನೊಂದನ್ನೂ ತೋರಿಸಿದರು. ಅವ್ವನ ಹೊಕ್ಕುಳ ಬಲಕ್ಕೆ ಚರ್ಮದಡಿಯಲ್ಲಿ ಎರಡು ಮೆತ್ತನೆಯ ಗಂಟು. ನನಗೆ ಅನುಕೂಲವೆಂದು ಅದೇ ಜಾಗಕ್ಕೆ ಚುಚ್ಚುತ್ತಿದ್ದೆ. ಗಂಟಿನ ಒಳಗೆ ಹೋದ ಇನ್ಸುಲಿನ್ ಯಾವಾಗ ಎಷ್ಟು ರಕ್ತಕ್ಕೆ ಸೇರುತ್ತದೆ ಎಂದು ಹೇಳಲಾಗದು. ಹೊಟ್ಟೆ, ತೊಡೆ ಎಂದು ಜಾಗ ಬದಲಿಸುತ್ತಿರಬೇಕಂತೆ. ಹಾಲಿನ ಬಣ್ಣದ ಇನ್ಸುಲಿನ್ ಆದರೆ ಸೀಸೆಯನ್ನು ಕುಲುಕದೆ ಅಂಗೈಗಳ ನಡುವೆ ಉರುಳಿಸಿ, ಒಂದೇ ಸಮನಾದ ಮೇಲೆ ಎಳೆಯಬೇಕಂತೆ. ತೆರೆಯದ ಸೀಸೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಐಸ್ ಕಟ್ಟುವ ಖಾನೆಗೆ ಹೋಗಲೇಬಾರದು. ಫ್ರಿಜ್ಜಿಲ್ಲದವರು ಒದ್ದೆ ಮರಳಿನ ಮಡಕೆಯ ಒಳಗೆ ಇಟ್ಟು ಬಿಸಿಲಿನಿಂದ ಕಾಪಾಡಬಹುದು. ಶುಗರ್ ಏರಿದಾಗ ಇವೆಲ್ಲವನ್ನೂ ಒಂದೊಂದಾಗಿ ನೋಡಿದ ಮೇಲೆ ತಾನೇ ತಟ್ಟೆಯ ಕಡೆ ನೋಡಬೇಕಿತ್ತು. ನಾವು ರೋಗಿಯ ಬಾಯನ್ನು ಮೊದಲು ಅನುಮಾನಿಸುತ್ತೇವೆ. ಆ ಅನುಮಾನದಲ್ಲಿ ಎಷ್ಟು ಮನೆಗಳಲ್ಲಿ ಎಷ್ಟು ಮುದುಕಿಯರು ಗೋಡೆಯ ಕಡೆ ತಿರುಗಿಕೊಂಡು ಮಲಗಿದ್ದಾರೋ!

ಅವ್ವನ ಹತ್ತಿರ ತಪ್ಪಾಯ್ತು ಎಂದೆ. ಅವಳು ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಮುದ್ದೆ ಒಂಚೂರು ದೊಡ್ಡದು ಮಾಡ್ಸು” ಎಂದಳು. ಡಾಕ್ಟರನ್ನು ಕೇಳಿ ಅಳತೆ ಗೊತ್ತು ಮಾಡಿಕೊಂಡೆವು. ಡೋಸ್ ಮತ್ತೆ 20, 12ಕ್ಕೆ ಬಂತು. ಪಾದದ ಉರಿ ಪೂರ್ತಿ ಹೋಗಿಲ್ಲ. ಆ ತಿಂಗಳುಗಳಿಂದಲೇ ಆದದ್ದೋ, ಮೊದಲೇ ಇದ್ದದ್ದೋ ಬಿಡಿಸಿ ಹೇಳಲಾಗದು ಎಂದರು ಡಾಕ್ಟರು. ದಿನಾ ರಾತ್ರಿ ಅವಳ ಅಂಗಾಲನ್ನು ಬೆಳಕಿಗೆ ಹಿಡಿದು ಗಾಯವಿದೆಯೇ ಎಂದು ನೋಡುತ್ತೇನೆ. ವರ್ಷಕ್ಕೊಮ್ಮೆ ಕಣ್ಣಿನ ಪರದೆಯ ಪರೀಕ್ಷೆ ಮಾಡಿಸುತ್ತೇವೆ. ಡಾಕ್ಟರ ಮುಂದೆ ಈಗ ಅವ್ವನೇ ಮಾತಾಡುತ್ತಾಳೆ.

ಈಚೆಗೆ ಶಾಲೆಯಲ್ಲಿ ಅನುಪಾತದ ಪಾಠ ಮಾಡುವಾಗ ಸೂಜಿ ಕಿತ್ತ ಎರಡು ಖಾಲಿ ಸಿರಿಂಜುಗಳನ್ನು ತರಗತಿಗೆ ತೆಗೆದುಕೊಂಡು ಹೋದೆ. 40ರ ಸೀಸೆಯ ಔಷಧಿಯನ್ನು 100ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಎಷ್ಟು ಯೂನಿಟ್ ಎಂದು ಲೆಕ್ಕ ಕೊಟ್ಟೆ. ಮರುದಿನ ಒಬ್ಬ ಹುಡುಗಿ ಬಂದು, “ಸಾ, ನಮ್ ತಾತಂದು ಸೀಸೆ 40, ಸಿರಿಂಜು ಕಿತ್ತಳೆದು” ಎಂದಳು. ಅವಳ ಅಪ್ಪನಿಗೆ ಆಗಲೇ ಫೋನ್ ಮಾಡಿದೆ. ಸರಿಯಾದ ಸಿರಿಂಜನ್ನು ನೀವೇ ಕೊಂಡು ತಂದು ಅದೇ ಗೆರೆಗೆ ಚುಚ್ಚಿಬಿಡಬೇಡಿ, ನಮ್ಮವ್ವನಿಗೆ ಆದದ್ದು ಅದೇ, ಡೋಸ್ ಹೊಸದಾಗಿ ಗೊತ್ತುಮಾಡಬೇಕು, ಸೀಸೆ ಸಿರಿಂಜು ಎರಡನ್ನೂ ಹಿಡಿದುಕೊಂಡು ತಾತನನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ಮಧ್ಯಾಹ್ನದ ಬಸ್ಸಿಗೆ ಹೊರಟರು.