ಸೋಗೆ ಚಪ್ಪರದ ಕೆಳಗೆ ತಂಬುಳಿ

ಬೇಸಿಗೆ ರಜೆಯಲ್ಲಿ ಸಾಗರದ ಕಡೆ ಹೋದರೆ ಪರಿಚಯದವರ ಹಳೆಯ ಹೆಂಚಿನ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ಸಂಜೆ ನೋಡಿದರಾಯಿತು.

ಅಂಗಳದ ತುಂಬ ಅಡಕೆ ದಬ್ಬೆಯ ಚಪ್ಪರ, ಮೇಲೆ ಸೋಗೆ. ಬಿಸಿಲು ನೆಲ ಮುಟ್ಟುವುದಿಲ್ಲ. ನೆಲ ಕಾಯದಿದ್ದರೆ ಜಗುಲಿಗೆ ಬರುವ ಗಾಳಿಯೂ ಅಷ್ಟು ಕಾಯುವುದಿಲ್ಲ. ಒಳಗಿನ ಬಿಸಿಗಾಳಿ ಹಗುರವಾಗಿ ಮೇಲೇರಿ ಹೆಂಚಿನ ಸಂದುಗಳಿಂದ ಹೊರಬೀಳುತ್ತದೆ. (ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ.) ಪೇಟೆಯ ಆರ್‌ಸಿಸಿ ತಾರಸಿಯೋ, ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಮಲಗಿದವರ ಮೇಲೆ ಇಳಿಸುತ್ತದೆ.

ಅಡುಗೆಮನೆಯ ಲೆಕ್ಕವೂ ಅದೇ. ಒಂದೆಲಗ, ತೆಂಗಿನತುರಿ, ಚೂರು ಜೀರಿಗೆ, ನಾಲ್ಕು ಕಾಳುಮೆಣಸು ಹಸಿಯಾಗಿಯೇ ರುಬ್ಬಿ, ಮಜ್ಜಿಗೆಯಲ್ಲಿ ಕದಡಿ ಉಪ್ಪು ಹಾಕಿದರೆ ತಂಬುಳಿ. ಒಲೆ ಬೇಕಾಗುವುದು ಒಗ್ಗರಣೆಗೆ ಮಾತ್ರ. ಅನ್ನಕ್ಕೆ ಕಲಸಿ ಉಂಡು, ಉಳಿದದ್ದನ್ನು ಲೋಟದಲ್ಲಿ ಕುಡಿಯಬಹುದು. ನೆನಪಿನ ಶಕ್ತಿಗೆಂದು ಪರೀಕ್ಷೆಯ ಹಿಂದಿನ ದಿನ ಒಂದೆಲಗ ತಿನ್ನಿಸುವ ತಾಯಂದಿರಿದ್ದಾರೆ. ರುಚಿಗಾಗಿ ತಿಂದರೂ ಸಾಕು.

ಹೊಸ ಮನೆಗೆ ನಕ್ಷೆ ಹಾಕಿಸುತ್ತಿರುವ ಪಾಲಕರು ಮಕ್ಕಳ ಕೈಗೊಂದು ಉಷ್ಣಮಾಪಕ ಕೊಡಲಿ. ಮಧ್ಯಾಹ್ನ 2 ಗಂಟೆಗೆ ಚಪ್ಪರದ ಕೆಳಗಿನ ನೆಲದ ಉಷ್ಣತೆ ಎಷ್ಟು, ಬಿಸಿಲಿನಲ್ಲಿರುವ ನೆಲದ್ದು ಎಷ್ಟು ಎಂದು ಬರೆದ ಹಾಳೆಯನ್ನು ಎಂಜಿನಿಯರರ ಮುಂದಿಟ್ಟು ಆಮೇಲೆ ಮಾತಿಗೆ ಕೂರಲಿ.