ಕಿವಿಯೇ ಗುರು

"ಹಾಡು" ಎಂಬುದನ್ನು ಬಾಲಕನೊಬ್ಬನು "ಆಡು" ಎಂದೋದಿದನು, ತರಗತಿಯು ನಕ್ಕಿತು. ಅಂದಿನಿಂದ ಅವನು ಓದಲೊಲ್ಲನು. ದೋಷವನ್ನು ಕಳೆಯಹೋಗಿ ದನಿಯನ್ನೇ ಕಳೆದಂತಾಯಿತು.

1877ರಲ್ಲಿ ಎಡಿಸನ್ ಮಹಾಶಯನು ನಿರ್ಮಿಸಿದ ಧ್ವನಿಮುದ್ರಣಯಂತ್ರದ ಶಕ್ತಿಯು ಇಂದು ಮೊಬೈಲಿನಲ್ಲಿ ಅಡಗಿರುವುದಷ್ಟೆ. ಉಪಾಧ್ಯಾಯರು ಅದರಲ್ಲಿ ಮೊದಲು ತಮ್ಮ ಓದನ್ನು ಹಿಡಿದಿಟ್ಟರು. ಬಳಿಕ ಬಾಲಕನನ್ನು ಏಕಾಂತದಲ್ಲಿ ಓದಿಸಿ, ಎರಡನ್ನೂ ಅವನಿಗೆ ಕೇಳಿಸಿದರು. ಹಕಾರವು ಜಾರಿದ ಎಡೆಯನ್ನು ಅವನ ಕಿವಿಯೇ ಕಂಡುಕೊಂಡಿತು. ಹೇಳಿಸಿಕೊಳ್ಳದೆಯೇ ಮತ್ತೊಮ್ಮೆ ಓದಿದನು.

ಆಮೇಲೆ ಮೆಲ್ಲನೆ, "ನಮ್ಮವ್ವ ಆಡು ಅಂತಲೇ ಅಂತಾಳಲ್ಲ ಮೇಷ್ಟ್ರೇ, ತಪ್ಪಾ?" ಎಂದನು.

"ತಪ್ಪಲ್ಲಪ್ಪ. ಅದು ಮನೆಯ ಮಾತು, ಇದು ಗ್ರಂಥದ ಓದು. ಎರಡೂ ನಿನ್ನವೇ."

ಯಂತ್ರವು ದನಿಯನ್ನು ಹಿಂದಿರುಗಿಸಬಲ್ಲುದು. ಈ ಉತ್ತರಕ್ಕೆ ಮಾತ್ರ, ಆ ಬಾಲಕನನ್ನು ಬಲ್ಲ ಉಪಾಧ್ಯಾಯರೇ ಬೇಕು.