ನಾಲ್ಕು ಗುಲಾಮರ ಊರು

ಜರ್ಮನಿಯ ತುರಿಂಗಿಯಾ ಪ್ರಾಂತದಲ್ಲಿ ಆಲ್ಟೆನ್‌ಬುರ್ಗ್ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿನ ಕಾರಂಜಿಯೊಂದರ ಮೇಲೆ ದೇವತೆಗಳಿಲ್ಲ, ದಂಡನಾಯಕರಿಲ್ಲ. ಇಸ್ಪೀಟಿನ ನಾಲ್ವರು ಗುಲಾಮರು ಜಟಾಪಟಿಗೆ ಬಿದ್ದಿದ್ದಾರೆ! 1903ರಲ್ಲಿ ನಿರ್ಮಿತವಾದ ಈ ಕಾರಂಜಿಯ ನೀರಿನಲ್ಲಿ ಹೊಸ ಎಲೆಗಳನ್ನು ಅದ್ದಿದರೆ ಅದೃಷ್ಟವು ಒಲಿಯುವುದೆಂದು ಆಟಗಾರರ ನಂಬಿಕೆ.

ಇವರು ‘ಸ್ಕಾಟ್’ ಆಟದ ಗುಲಾಮರು. ಮೂವರ ಈ ಆಟಕ್ಕೆ 32 ಎಲೆಗಳು. ತಲೆಗೆ ಹತ್ತರಂತೆ ಹಂಚಿ, ಉಳಿದೆರಡನ್ನು ನಡುವೆ ಕವುಚಿಡುತ್ತಾರೆ. ಸವಾಲು ಕೂಗಿ ಗೆದ್ದವನು ಒಂಟಿ. ಮಿಕ್ಕಿಬ್ಬರೂ ಅವನ ಎದುರಾಳಿಗಳು. ಈಗಿನ ವೈರಿಯೇ ಮುಂದಿನ ಹಂಚಿಕೆಯಲ್ಲಿ ಜೊತೆಗಾರನಾಗಬಹುದು. ಸಾಮಾನ್ಯವಾಗಿ ಗುಲಾಮರೇ ತುರುಫಿನ ಶಿರೋಮಣಿಗಳು. ರಾಜರಾಣಿಯರೂ ಅವರಿಗೆ ಮಣಿಯಬೇಕು.

1810ರ ದಶಕದಲ್ಲಿ ಈ ಊರಿನ ಟಾರೋಕ್ ಆಟಗಾರರ ಕೂಟವೊಂದರ ಸದಸ್ಯರು ಹಳೆಯ ಆಟಗಳನ್ನು ಬೆರೆಸಿ ಇದನ್ನು ರೂಪಿಸಿದರು. ಆಟವು ಹಬ್ಬಿದಂತೆಲ್ಲ ಊರಿಗೊಂದು ನಿಯಮ ಹುಟ್ಟಿತು. ಪರಊರಿನವರು ಒಂದು ಮೇಜಿಗೆ ಕೂಡುವುದೇ ದುಸ್ತರವಾಯಿತು. ಆಗ, 1886ರಲ್ಲಿ, ಸಾವಿರಕ್ಕೂ ಮಿಕ್ಕ ಆಟಗಾರರು ಆಲ್ಟೆನ್‌ಬುರ್ಗಿನಲ್ಲಿ ಸಮ್ಮೇಳನ ನಡೆಸಿ ಏಕರೂಪದ ನಿಯಮಗಳತ್ತ ಹೆಜ್ಜೆಯಿಟ್ಟರು. 1899ರಲ್ಲಿ ಹಾಲೆ ನಗರದಲ್ಲಿ ಸಂಘವು ಜನ್ಮತಾಳಿತು. 1927ರಲ್ಲಿ ಆಲ್ಟೆನ್‌ಬುರ್ಗಿನಲ್ಲಿ ‘ಸ್ಕಾಟ್ ನ್ಯಾಯಾಲಯ’ವೇ ಸ್ಥಾಪಿತವಾಯಿತು.

ಎರಡನೆಯ ಮಹಾಯುದ್ಧದ ಬಳಿಕ ದೇಶ ಇಬ್ಭಾಗವಾಯಿತು. ಒಂದೇ ನಿಯಮದಡಿ ಕೂಡಿದ್ದ ಆಟಗಾರರೂ ಗಡಿಯ ಆಚೀಚೆಯಾದರು. ಆಲ್ಟೆನ್‌ಬುರ್ಗ್ ಪೂರ್ವದ ಪಾಲಾಗಲು, ಸಂಘವು ಪಶ್ಚಿಮದ ಬೀಲೆಫೆಲ್ಡಿನಲ್ಲಿ ನೆಲೆ ಕಂಡಿತು. 1990ರಲ್ಲಿ ದೇಶ ಒಂದಾದ ತರುವಾಯ, ಕಾಲಕ್ರಮದಲ್ಲಿ ಸಂಘವೂ ನ್ಯಾಯಾಲಯವೂ ತವರಿಗೆ ಮರಳಿದವು.

ಊರಿನ ಅರಮನೆಯಲ್ಲಿ ಇಸ್ಪೀಟೆಲೆಗಳದೇ ವಸ್ತುಸಂಗ್ರಹಾಲಯವಿದೆ. ಕಾರಂಜಿಯ ಗುಲಾಮರ ಜಗಳವಂತೂ ಇನ್ನೂ ತೀರಿಲ್ಲ. ಆದರೆ ಮೇಜಿನ ಮೇಲೆ ತಕರಾರೆದ್ದರೆ, ತೀರ್ಪು ಕೇಳಿ ಈ ಊರಿನ ನ್ಯಾಯಾಲಯಕ್ಕೆ ಬರೆಯುವವರು ಇಂದಿಗೂ ಉಂಟು.